ಮುದ್ರಣದೋಷದ ನೋಟು: ಕೇಳುವ ಬೆಲೆ ಎಷ್ಟು, ಕೈಗೆ ಬರುವ ಬೆಲೆ ಎಷ್ಟು?

ತೊಗರಿ ಮತ್ತು ಹತ್ತಿಯ ಹಂಗಾಮಿನಲ್ಲಿ ಯಾದಗಿರಿಯ ಗಂಜ್ ಪ್ರದೇಶದ ಅಡತ್ ಅಂಗಡಿಗಳಲ್ಲಿಯೂ, ಭತ್ತದ ಸುಗ್ಗಿಯಲ್ಲಿ ಶಹಾಪುರ ಹಾಗೂ ಸುರಪುರದ ಅಕ್ಕಿ ಗಿರಣಿಗಳಲ್ಲಿಯೂ ಗಲ್ಲಾಪೆಟ್ಟಿಗೆಗೆ ಬಿಡುವಿರುವುದಿಲ್ಲ. ಬ್ಯಾಂಕ್ ವರ್ಗಾವಣೆ ಮತ್ತು ಮೊಬೈಲ್ ಪಾವತಿ ಎಷ್ಟೇ ಬೆಳೆದಿದ್ದರೂ ಹಮಾಲಿ, ಲಾರಿ ಬಾಡಿಗೆ, ಚಿಲ್ಲರೆ ಖರೀದಿಗಳಿಗೆ ಇಂದಿಗೂ ನಗದು ಬೇಕು. ಹೀಗೆ ನೋಟು ಎಣಿಸುವಾಗ ಆಗೊಮ್ಮೆ ಈಗೊಮ್ಮೆ ಒಂದು ವಿಚಿತ್ರ ನೋಟು ಕೈಗೆ ಬರುವುದುಂಟು. ಒಂದು ಬದಿಯ ಚಿತ್ರ ಪಕ್ಕಕ್ಕೆ ಸರಿದಿರುತ್ತದೆ, ಎರಡು ಕಡೆಯ ಕ್ರಮಸಂಖ್ಯೆ ಬೇರೆಬೇರೆ ಇರುತ್ತದೆ, ಇಲ್ಲವೇ ಮೂಲೆಯಲ್ಲಿ ಹೆಚ್ಚುವರಿ ಕಾಗದ ಬಾಲದಂತೆ ಉಳಿದಿರುತ್ತದೆ. ಹಿಂದೆ ಇಂಥ ನೋಟನ್ನು "ಇದು ನಡೆಯುವುದಿಲ್ಲ" ಎಂದು ಹಿಂದಿರುಗಿಸುತ್ತಿದ್ದರು. ಈಗ ಅದೇ ನೋಟಿಗೆ ಲಕ್ಷಗಟ್ಟಲೆ ಬೆಲೆ ಇದೆಯೆಂಬ ಜಾಹೀರಾತು ಮೊಬೈಲ್ ಪರದೆಯ ಮೇಲೆ ಕಾಣಿಸುತ್ತದೆ.

ಈ ಎರಡೂ ಅಭಿಪ್ರಾಯಗಳು ತಪ್ಪು. ಮುದ್ರಣದೋಷದ ನೋಟಿಗೆ ನಿಜವಾಗಿಯೂ ಮಾರುಕಟ್ಟೆ ಇದೆ. ಆದರೆ ಅದು ಜಾಹೀರಾತು ತೋರಿಸುವ ಮಾರುಕಟ್ಟೆಯಲ್ಲ. ಆ ಮಾರುಕಟ್ಟೆ ನಡೆಯುವ ಬಗೆ, ಸಂಗ್ರಾಹಕರು ಕೊಡುವ ಬೆಲೆ, ಅದರಲ್ಲಿ ಮಾರುವವನ ಕೈಗೆ ಉಳಿಯುವ ಮೊತ್ತ ಹಾಗೂ ಕಾನೂನಿನ ಮಿತಿ, ಇವುಗಳನ್ನು ವರ್ತಕರು ತಿಳಿದಿರುವುದು ಅಗತ್ಯ.

ದೋಷ ಹುಟ್ಟುವ ಬಗೆ

ಭಾರತದ ನೋಟುಗಳು ನಾಲ್ಕು ಮುದ್ರಣಾಲಯಗಳಲ್ಲಿ ಅಚ್ಚಾಗುತ್ತವೆ. ನಾಸಿಕ್ ಮತ್ತು ದೇವಾಸ್‌ನವು ಕೇಂದ್ರ ಸರ್ಕಾರದ ನಿಗಮಕ್ಕೆ ಸೇರಿವೆ. ಮೈಸೂರು ಮತ್ತು ಪಶ್ಚಿಮ ಬಂಗಾಳದ ಸಾಲ್ಬೋನಿಯವು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಗೆ ಸೇರಿವೆ. ಈ ಅಂಗಸಂಸ್ಥೆ 1995ರಲ್ಲಿ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಮೈಸೂರಿನ ಮುದ್ರಣಾಲಯ 1996ರಲ್ಲಿ ಕಾರ್ಯಾರಂಭ ಮಾಡಿತು.

ನೋಟು ಒಂದೊಂದಾಗಿ ಅಚ್ಚಾಗುವುದಿಲ್ಲ. ದೊಡ್ಡ ಹಾಳೆಯ ಮೇಲೆ ಅನೇಕ ನೋಟುಗಳು ಒಟ್ಟಿಗೆ ಮುದ್ರಣವಾಗುತ್ತವೆ. ಮೊದಲು ಹಿನ್ನೆಲೆಯ ಬಣ್ಣ, ಬಳಿಕ ದೊಡ್ಡ ಮುಖಬೆಲೆಯವುಗಳಿಗೆ ಬೆರಳಿಗೆ ತಾಗುವ ಉಬ್ಬು ಮುದ್ರಣ, ಅನಂತರ ಕ್ರಮಸಂಖ್ಯೆ, ಕೊನೆಗೆ ಕತ್ತರಿಸುವಿಕೆ. ದೋಷವು ಈ ಹಂತಗಳಲ್ಲಿ ಯಾವುದರಲ್ಲಿ ಸಂಭವಿಸಿತೆಂಬುದೇ ಸಂಗ್ರಾಹಕನ ಮೊದಲ ಪ್ರಶ್ನೆ. ಹಾಳೆಯ ಮೂಲೆ ಮಡಚಿಕೊಂಡು ಕತ್ತರಿಗೆ ಸಿಕ್ಕರೆ, ಬಿಡಿಸಿದಾಗ ಚಿಟ್ಟೆಯ ರೆಕ್ಕೆಯಂತೆ ಹೆಚ್ಚುವರಿ ಕಾಗದ ಉಳಿಯುತ್ತದೆ. ಸಂಖ್ಯಾಯಂತ್ರದ ಚಕ್ರ ಸಿಕ್ಕಿಕೊಂಡರೆ ಎರಡು ಕಡೆಯ ಸಂಖ್ಯೆ ಹೊಂದುವುದಿಲ್ಲ. ಒಂದು ಹಂತವೇ ತಪ್ಪಿದರೆ ಚಿತ್ರ ಅಥವಾ ಸಂಖ್ಯೆ ಇಲ್ಲದ ನೋಟು ಹೊರಬರುತ್ತದೆ. ಹಾಳೆ ಸರಿದರೆ ಪಕ್ಕದ ನೋಟಿನ ಅಂಚು ಕಾಣಿಸುತ್ತದೆ.

ಇಂಥ ಹಾಳೆಗಳನ್ನು ತಪಾಸಣೆಯಲ್ಲಿ ತೆಗೆದುಹಾಕುತ್ತಾರೆ. ತಪಾಸಣೆಯ ಕಣ್ಣು ತಪ್ಪಿಸಿ ಹೊರಬಂದ ಕೆಲವೇ ನೋಟುಗಳು ಸಂಗ್ರಾಹಕರ ಸರಕು. ಕೆಲಸದ ಒತ್ತಡ ಹೆಚ್ಚಾದಾಗ ಇವುಗಳ ಪ್ರಮಾಣವೂ ಹೆಚ್ಚುತ್ತದೆ. 2016ರ ನವೆಂಬರ್‌ನಲ್ಲಿ ಹೊಸ 500 ರೂಪಾಯಿ ನೋಟುಗಳಲ್ಲಿ ವ್ಯತ್ಯಾಸ ಕಂಡುಬಂದಾಗ, ಅವಸರದಲ್ಲಿ ಮುದ್ರಣದೋಷವಿರುವ ನೋಟುಗಳು ಹೊರಬಂದಿರಬಹುದು, ಅವುಗಳನ್ನು ಜನರು ಸ್ವೀಕರಿಸಬಹುದು ಅಥವಾ ಹಿಂದಿರುಗಿಸಬಹುದು ಎಂದು ರಿಸರ್ವ್ ಬ್ಯಾಂಕಿನ ಕಡೆಯಿಂದ ತಿಳಿಸಲಾಗಿತ್ತು. 2017ರ ಜನವರಿಯಲ್ಲಿ ಮಧ್ಯಪ್ರದೇಶದ ಶಿಯೋಪುರ ಜಿಲ್ಲೆಯ ರೈತರಿಗೆ ಗಾಂಧೀಜಿಯವರ ಚಿತ್ರವೇ ಇಲ್ಲದ 2,000 ರೂಪಾಯಿ ನೋಟುಗಳು ಬ್ಯಾಂಕಿನಿಂದಲೇ ಬಂದಿದ್ದವು. ಅವು ಖೋಟಾ ಅಲ್ಲ, ಮುದ್ರಣದೋಷದವು ಎಂದು ತಿಳಿಸಿ ಬ್ಯಾಂಕು ಅವುಗಳನ್ನು ಹಿಂದಕ್ಕೆ ಪಡೆಯಿತು.

ಈ ಘಟನೆಗಳಿಂದ ವರ್ತಕರು ಅರಿಯಬೇಕಾದ ಅಂಶ ಒಂದಿದೆ. ಅಸಲಿ ನೋಟಿನಲ್ಲಿ ಮುದ್ರಣದೋಷವಿದ್ದರೆ ಅದರ ಮುಖಬೆಲೆ ಹೋಗುವುದಿಲ್ಲ, ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಬಹುದು. ಆದ್ದರಿಂದ ನೋಟು ಅಸಲಿಯಾಗಿರುವವರೆಗೆ ಅದರ ಕನಿಷ್ಠ ಬೆಲೆ ಮುಖಬೆಲೆಯೇ.

ದೋಷವೆಂದು ತಪ್ಪಾಗಿ ತಿಳಿಯುವವು

ಸಂಖ್ಯೆಯ ನಡುವೆ ನಕ್ಷತ್ರ ಚಿಹ್ನೆಯಿರುವ ನೋಟು ಮುದ್ರಣದೋಷದ್ದಲ್ಲ. ದೋಷಪೂರಿತ ನೋಟನ್ನು ಕಟ್ಟಿನಿಂದ ತೆಗೆದಾಗ ಅದರ ಸ್ಥಾನದಲ್ಲಿ ಇಡುವ ಬದಲಿ ನೋಟು ಅದು. ಈ ಪದ್ಧತಿ 2006ರಲ್ಲಿ ಸಣ್ಣ ಮುಖಬೆಲೆಯ ನೋಟುಗಳಿಂದ ಆರಂಭವಾಯಿತು. ಇವು ಖೋಟಾ ಎಂಬ ವದಂತಿ ಹರಡಿದಾಗ, 2023ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಅವು ಇತರ ನೋಟುಗಳಷ್ಟೇ ಕಾನೂನುಬದ್ಧವೆಂದು ಸ್ಪಷ್ಟಪಡಿಸಿತು.

ಹಾಗೆಯೇ 786 ಸಂಖ್ಯೆಯ ನೋಟು, ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟು, ಹಳೆಯ 1 ಮತ್ತು 2 ರೂಪಾಯಿ ನೋಟುಗಳು ಕೂಡ ದೋಷದವಲ್ಲ. ಇವು ಅಪಾರ ಸಂಖ್ಯೆಯಲ್ಲಿ ಅಚ್ಚಾದವು. ಶ್ರದ್ಧೆಯಿಂದಲೋ ನೆನಪಿಗಾಗಿಯೋ ಕೊಳ್ಳುವವರು ಇದ್ದಾರೆಯಾದರೂ ಸರಕು ಹೇರಳವಾಗಿರುವಲ್ಲಿ ದರ ಏರುವುದಿಲ್ಲ. ಇನ್ನು ಮಸಿ ಚೆಲ್ಲಿದ, ನೀರಿನಲ್ಲಿ ನೆನೆದು ಬಣ್ಣ ಬಿಟ್ಟ, ಇಸ್ತ್ರಿಯ ಕಾವಿಗೆ ಕುಗ್ಗಿದ ನೋಟುಗಳು ಮುದ್ರಣಾಲಯದ ಹೊರಗೆ ಕೆಟ್ಟವು. ಅವುಗಳಿಗೆ ಸಂಗ್ರಹಮೌಲ್ಯವಿಲ್ಲ. ರಾಸಾಯನಿಕದಿಂದ ಸಂಖ್ಯೆಯನ್ನು ಅಳಿಸಿ "ಸಂಖ್ಯೆ ಇಲ್ಲದ ನೋಟು" ಎಂದು ಮಾರಲು ಯತ್ನಿಸುವವರೂ ಉಂಟು. ಅನುಭವಿ ಸಂಗ್ರಾಹಕ ಭೂತಗಾಜಿನಲ್ಲಿ ಕಾಗದದ ಎಳೆಗಳನ್ನು ನೋಡಿಯೇ ಇದನ್ನು ಪತ್ತೆಹಚ್ಚುತ್ತಾನೆ.

ಬೆಲೆಯನ್ನು ಓದುವ ರೀತಿ

ಕೃಷಿ ಮಾರುಕಟ್ಟೆ ಸಮಿತಿಯ ದೈನಂದಿನ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ಮತ್ತು ಮಾದರಿ ಎಂಬ ಮೂರು ದರಗಳಿರುತ್ತವೆ. ಯಾವ ಅಡತಿದಾರನೂ ಗರಿಷ್ಠ ದರವನ್ನು ನಂಬಿ ಲಾರಿಗಟ್ಟಲೆ ತೊಗರಿ ಕೊಳ್ಳುವುದಿಲ್ಲ; ಮಾದರಿ ದರವನ್ನು ನೋಡುತ್ತಾನೆ. ನೋಟಿನ ವಿಷಯದಲ್ಲಿ ಮಾತ್ರ ಜನರು ಈ ವಿವೇಕವನ್ನು ಮರೆಯುತ್ತಾರೆ. ಜಾಲತಾಣದಲ್ಲಿ ಕಾಣುವ "5 ಲಕ್ಷ ರೂಪಾಯಿ" ಎಂಬುದು ಗರಿಷ್ಠ ದರವೂ ಅಲ್ಲ. ಅದು ಮಾರುವವನು ತಾನೇ ಬರೆದುಕೊಂಡ ಅಪೇಕ್ಷೆ. ಆ ದರಕ್ಕೆ ವ್ಯಾಪಾರ ಕೂಡಿಬಂದಿಲ್ಲ. ಆದ್ದರಿಂದಲೇ ಆ ಜಾಹೀರಾತು ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ.

ನೋಡಬೇಕಾದುದು ಮುಗಿದ ವ್ಯಾಪಾರದ ದರವನ್ನು. ನಾಣ್ಯ ಮತ್ತು ನೋಟುಗಳ ಹರಾಜು ನಡೆಸುವ ಸಂಸ್ಥೆಗಳು ಬೆಂಗಳೂರು, ಮುಂಬೈ, ಅಹಮದಾಬಾದ್‌ಗಳಲ್ಲಿವೆ. ಬೆಂಗಳೂರಿನ ಮರುಧರ್ ಆರ್ಟ್ಸ್ ಅಂಥವುಗಳಲ್ಲೊಂದು. ಇಂಥ ಹರಾಜುಗಳಲ್ಲಿ ಪ್ರತಿ ನೋಟಿನ ಚಿತ್ರ, ಅಂದಾಜು ಬೆಲೆ ಮತ್ತು ಕೊನೆಗೆ ಕೂಡಿದ ಬೆಲೆ ದಾಖಲಾಗುತ್ತದೆ. ತನ್ನ ಕೈಯಲ್ಲಿರುವ ದೋಷವನ್ನೇ ಹೋಲುವ ನೋಟು ಹಿಂದೆ ಎಷ್ಟಕ್ಕೆ ಹೋಯಿತೆಂಬುದನ್ನು ನೋಡಿದರೆ ಮಾದರಿ ದರ ಸಿಕ್ಕಿದಂತೆಯೇ. ಹಿಂದೆ ಈ ವ್ಯಾಪಾರಕ್ಕೆ ಹೆಸರಾಗಿದ್ದ ಇಬೇಯ ಭಾರತೀಯ ತಾಣವು 2018ರ ಆಗಸ್ಟ್‌ನಲ್ಲಿ ಮುಚ್ಚಿದ ಕಾರಣ, ಆ ಹೆಸರು ಹೇಳಿ ದೇಶದೊಳಗಿನ ಮಾರಾಟಕ್ಕೆ ಕರೆಯುವವರನ್ನು ಸಂಶಯದಿಂದಲೇ ನೋಡಬೇಕು.

ಈಗಿನ ನೋಟುಗಳ ಮುಗಿದ ವ್ಯಾಪಾರಗಳನ್ನು ಗಮನಿಸಿದರೆ ಸ್ಥೂಲವಾಗಿ ಮೂರು ತರಗತಿಗಳನ್ನು ಗುರುತಿಸಬಹುದು.

1. ಬಣ್ಣದ ಸಣ್ಣ ಕಲೆ, ಒಂದೆರಡು ಮಿಲಿಮೀಟರ್ ಸರಿದ ಅಂಚು, ಮಸುಕಾದ ಅಂಕಿ. ಇವುಗಳಿಗೆ ಮುಖಬೆಲೆಯ ಮೇಲೆ ಸಿಗುವುದು ಅತ್ಯಲ್ಪ. ಅನೇಕ ಸಲ ಗಿರಾಕಿಯೇ ಇರುವುದಿಲ್ಲ.

2. ಎದ್ದು ಕಾಣುವ ಹೆಚ್ಚುವರಿ ಕಾಗದ, ಹಿಂಬದಿಯ ಚಿತ್ರ ಮುಂಬದಿಯಲ್ಲಿ ಕನ್ನಡಿಯಂತೆ ಮೂಡಿರುವುದು, ಹೊಂದದ ಕ್ರಮಸಂಖ್ಯೆ. ಇವು ಸಂಗ್ರಾಹಕರು ನಿಯತವಾಗಿ ಕೊಳ್ಳುವ ಸರಕು. ಬೆಲೆ ನೂರರ ಲೆಕ್ಕದಿಂದ ಸಾವಿರದ ಲೆಕ್ಕದವರೆಗೆ.

3. ಒಂದು ಬದಿ ಪೂರ್ತಿ ಖಾಲಿ, ಮುಖ್ಯ ಚಿತ್ರವೇ ಇಲ್ಲದಿರುವುದು, ಕಾಗದದ ದೊಡ್ಡ ಮಡಿಕೆಯಿಂದ ವಿನ್ಯಾಸವೇ ತುಂಡಾಗಿರುವುದು. ಇವುಗಳಿಗೆ ಪೈಪೋಟಿಯ ಸವಾಲು ಉಂಟು. ಆದರೆ ಲಕ್ಷದ ಮಾತು ಈ ತರಗತಿಯಲ್ಲಿಯೂ ಅಪರೂಪ.

ಯಾವ ತರಗತಿಯಲ್ಲಾದರೂ ನೋಟಿನ ಸ್ಥಿತಿ ದರವನ್ನು ನಿರ್ಧರಿಸುತ್ತದೆ. ಮಡಿಕೆಯಿಲ್ಲದ, ಪಿನ್ನಿನ ತೂತಿಲ್ಲದ ಹೊಸ ನೋಟಿಗೂ ಕಿಸೆಯಲ್ಲಿ ಸವೆದ ನೋಟಿಗೂ ಬೆಲೆಯಲ್ಲಿ ಹಲವು ಪಟ್ಟು ಅಂತರವಿರುತ್ತದೆ. ಬೆಲೆಬಾಳುವ ನೋಟುಗಳನ್ನು 70 ಅಂಕಗಳ ಅಳತೆಯಲ್ಲಿ ಶ್ರೇಣೀಕರಿಸಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಮುಚ್ಚಿಕೊಡುವ ಸಂಸ್ಥೆಗಳು ವಿದೇಶದಲ್ಲಿವೆ. ಆ ಶುಲ್ಕ ಮತ್ತು ಸಾಗಣೆ ವೆಚ್ಚ ಸಾಮಾನ್ಯ ನೋಟಿಗೆ ಭಾರವಾಗುತ್ತದೆ.

ದೊಡ್ಡ ಬೆಲೆ ಯಾವಾಗ ಬರುತ್ತದೆ?

ಅಮೆರಿಕದ 20 ಡಾಲರ್‌ನ ಒಂದು ನೋಟು ಇದಕ್ಕೆ ಉತ್ತಮ ನಿದರ್ಶನ. ಮುದ್ರಣದ ನಡುವೆ ಬಾಳೆಹಣ್ಣಿಗೆ ಅಂಟಿಸುವ ಲೇಬಲ್ಲೊಂದು ಕಾಗದಕ್ಕೆ ಅಂಟಿಕೊಂಡು, ಖಜಾನೆಯ ಮುದ್ರೆ ಮತ್ತು ಕ್ರಮಸಂಖ್ಯೆಯ ಭಾಗ ಆ ಲೇಬಲ್ಲಿನ ಮೇಲೆಯೇ ಅಚ್ಚಾಯಿತು. ಅದು ಮೊದಲು ಜಾಲತಾಣದ ಹರಾಜಿನಲ್ಲಿ ಸುಮಾರು 10 ಸಾವಿರ ಡಾಲರ್‌ಗೆ ಮಾರಾಟವಾಯಿತು. 2006ರ ಹರಾಜಿನಲ್ಲಿ 25,300 ಡಾಲರ್, 2021ರ ಜನವರಿಯಲ್ಲಿ 3,96,000 ಡಾಲರ್ ತಂದಿತು. ಲೇಬಲ್ಲಿನ ಮೇಲೆ ಮುದ್ರೆ ಬಿದ್ದಿರುವುದರಿಂದ ದೋಷ ಮುದ್ರಣಾಲಯದಲ್ಲಿಯೇ ಆಯಿತೆಂಬುದಕ್ಕೆ ನೋಟೇ ಸಾಕ್ಷಿ. ಅದರ ಜೊತೆಗೆ ಆ ನೋಟಿನ ಖ್ಯಾತಿಯೂ ಬೆಳೆಯುತ್ತ ಹೋಯಿತು. ಮೊದಲು ಮಾರಿದವನಿಗೆ ಸಿಕ್ಕಿದ್ದು 3,96,000 ಡಾಲರ್ ಅಲ್ಲ, ಸುಮಾರು 10 ಸಾವಿರ ಮಾತ್ರ ಎಂಬುದನ್ನೂ ಮರೆಯಬಾರದು.

ಪತ್ರಿಕೆಗಳಲ್ಲಿ ಬರುವ ದೊಡ್ಡ ಮೊತ್ತಗಳು ಅನೇಕ ಸಲ ದೋಷದ ನೋಟುಗಳವೇ ಅಲ್ಲ. 2024ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1918ರ ಎರಡು 10 ರೂಪಾಯಿ ನೋಟುಗಳು 6,500 ಮತ್ತು 5,500 ಪೌಂಡ್‌ಗೆ ಮಾರಾಟವಾದವು. ಅವು 1918ರಲ್ಲಿ ಮುಳುಗಿದ ಶಿರಾಲಾ ಎಂಬ ಹಡಗಿನಿಂದ ಬಂದವು. ಅದೇ ವರ್ಷದ ಕೊನೆಯಲ್ಲಿ 100 ರೂಪಾಯಿಯ ಒಂದು ಹಜ್ ನೋಟು ಸುಮಾರು 56 ಲಕ್ಷ ರೂಪಾಯಿಗೆ ಹೋಯಿತು. ಹಜ್ ಯಾತ್ರಿಕರ ಬಳಕೆಗಾಗಿ ರಿಸರ್ವ್ ಬ್ಯಾಂಕು ಬೇರೆ ಬಣ್ಣದಲ್ಲಿ ಹೊರಡಿಸಿದ ಈ ನೋಟುಗಳ ಸಂಖ್ಯೆಯ ಮೊದಲು ಎಚ್‌ಎ ಎಂಬ ಅಕ್ಷರಗಳಿರುತ್ತವೆ. ಇಂಥ ಸುದ್ದಿ ಓದಿ ಸಾಮಾನ್ಯ 100 ರೂಪಾಯಿ ನೋಟಿಗೆ ಅದೇ ಬೆಲೆ ನಿರೀಕ್ಷಿಸುವುದು ವ್ಯರ್ಥ.

ಈ ಭಾಗದ ಮನೆಗಳಲ್ಲಿರುವ ಹಾಲಿ ಸಿಕ್ಕಾ

ನಮ್ಮ ಜಿಲ್ಲೆಯ ಮಟ್ಟಿಗೆ ಗಲ್ಲಾಪೆಟ್ಟಿಗೆಗಿಂತ ಅಜ್ಜನ ಕಾಲದ ಪೆಟ್ಟಿಗೆಯೇ ಹೆಚ್ಚು ಗಮನಾರ್ಹ. ಸುರಪುರ ಸಂಸ್ಥಾನ 1860ರಲ್ಲಿ ನಿಜಾಮರಿಗೆ ಸೇರಿದ ಮೇಲೆ ಈ ಮೂರೂ ಊರುಗಳು 1948ರವರೆಗೆ ಹೈದರಾಬಾದ್ ಆಡಳಿತದಲ್ಲಿದ್ದವು. ಆ ರಾಜ್ಯ 1918ರಿಂದ ತನ್ನದೇ ಕಾಗದದ ನೋಟು ಹೊರಡಿಸಿತು. ಮೊದಲಿನವು ಲಂಡನ್ನಿನಲ್ಲಿ ಅಚ್ಚಾದವು; ಉರ್ದುವಿನ ಜೊತೆಗೆ ಕನ್ನಡದಲ್ಲಿಯೂ ಮುಖಬೆಲೆ ನಮೂದಾಗಿತ್ತು. ವಿಲೀನದ ಬಳಿಕ 7 ಹಾಲಿ ರೂಪಾಯಿಗೆ 6 ಭಾರತೀಯ ರೂಪಾಯಿಯ ಲೆಕ್ಕದಲ್ಲಿ ಎರಡೂ ನಾಣ್ಯಗಳು ಕೆಲಕಾಲ ಜೊತೆಯಲ್ಲಿ ನಡೆದವು. 1959ರಲ್ಲಿ ಹಾಲಿ ಸಿಕ್ಕಾದ ಮಾನ್ಯತೆ ರದ್ದಾಯಿತು.

ಇವುಗಳಲ್ಲಿಯೂ ಒಂದು ವಿಶೇಷ ಬಗೆಯುಂಟು. 1922ರ ಮೇ 20ರಂದು ಲಂಡನ್ನಿನಿಂದ ಮುಂಬೈಗೆ ಬರುತ್ತಿದ್ದ ಈಜಿಪ್ಟ್ ಎಂಬ ಹಡಗು ಫ್ರಾನ್ಸ್ ಕರಾವಳಿಯ ಬಳಿ ಮಂಜಿನಲ್ಲಿ ಇನ್ನೊಂದು ಹಡಗಿಗೆ ತಾಗಿ ಮುಳುಗಿತು. ಅದರಲ್ಲಿ ಚಿನ್ನ ಬೆಳ್ಳಿಗಳ ಜೊತೆಗೆ ಸಹಿ ಬೀಳದ ಹೈದರಾಬಾದ್ ನೋಟುಗಳೂ ಇದ್ದವು. 1930ರ ದಶಕದಲ್ಲಿ ಇಟಲಿಯ ಮುಳುಗುಗಾರರು ಅವುಗಳನ್ನು ಮೇಲೆತ್ತಿದಾಗ, ಹಡಗಿನಿಂದ ಪಡೆದವೆಂದು ನೋಟಿನ ಮೇಲೆಯೇ ಮುದ್ರಿಸಿ ಮಾರಲಾಯಿತು. ನೀರಿನಲ್ಲಿ ನೆನೆದ, ಸಹಿಯಿಲ್ಲದ, ಎಂದೂ ಚಲಾವಣೆಗೆ ಬಾರದ ನೋಟುಗಳನ್ನು ಸಂಗ್ರಾಹಕರು ಕೊಳ್ಳುವುದು ಆ ಲಿಖಿತ ಪೂರ್ವೇತಿಹಾಸದ ಬಲದಿಂದ.

ಮನೆಯಲ್ಲಿ ದೊರೆತ ಹಾಲಿ ನೋಟನ್ನು ಅಂಟುಪಟ್ಟಿ ಹಚ್ಚಿ ಸರಿಪಡಿಸಬಾರದು, ಒರೆಸಬಾರದು, ಇಸ್ತ್ರಿ ಮಾಡಬಾರದು. ಯಾವ ಹಣಕಾಸು ಮಂತ್ರಿಯ ಸಹಿ ಇದೆಯೆಂಬುದನ್ನು ಅವಲಂಬಿಸಿ ಬೆಲೆ ಬದಲಾಗುತ್ತದೆ. ಉದಾಹರಣೆಗೆ ಗುಲಾಂ ಮಹಮ್ಮದ್ ಹೈದರಾಬಾದಿನ ಹಣಕಾಸು ಮಂತ್ರಿಯಾಗಿದ್ದು 1951ರಲ್ಲಿ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ಅವರ ಸಹಿಯ ನೋಟುಗಳೂ ಇವೆ. ಇಂಥ ಭೇದಗಳನ್ನು ತಿಳಿಯಲು ರಿಜ್ವಾನ್ ರಜಾಕ್ ಮತ್ತು ಕಿಶೋರ್ ಝುಂಝುನ್‌ವಾಲಾ ರಚಿಸಿದ ಭಾರತೀಯ ಕಾಗದದ ಹಣದ ಕೈಪಿಡಿ ಪ್ರಮಾಣಗ್ರಂಥವೆನಿಸಿದೆ. ರಜಾಕ್ ಅವರ ಸಂಗ್ರಹಾಲಯ 2020ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿದೆ.

ನಿವ್ವಳ ವಸೂಲಿಯ ಲೆಕ್ಕ

ಕೂಡಿದ ಬೆಲೆಯೇ ಕೈಗೆ ಬರುವ ಬೆಲೆಯಲ್ಲ. 500 ರೂಪಾಯಿಯ ದೋಷದ ನೋಟೊಂದಕ್ಕೆ 3,000 ರೂಪಾಯಿ ಸವಾಲು ಬಂತೆಂದು ಭಾವಿಸೋಣ. ಹರಾಜು ಸಂಸ್ಥೆಯ ಕಮಿಷನ್ ಶೇಕಡಾ 15 ಎಂದು ಹಿಡಿದರೆ 450 ರೂಪಾಯಿ, ವಿಮೆ ಸಹಿತ ಅಂಚೆ ವೆಚ್ಚ 200 ರೂಪಾಯಿ ಕಳೆದು ಉಳಿಯುವುದು 2,350. ಮುಖಬೆಲೆಯ 500 ಮೊದಲೇ ತನ್ನದಾಗಿದ್ದುದರಿಂದ ನಿಜವಾದ ಲಾಭ 1,850 ರೂಪಾಯಿ. ಅದೇ 100 ರೂಪಾಯಿಯ ನೋಟಿಗೆ 250 ಬಂದರೆ, ಅದೇ ಕಮಿಷನ್ 37.50 ಮತ್ತು ಅಂಚೆ ವೆಚ್ಚ 100 ಕಳೆದು ಉಳಿಯುವ ಲಾಭ 12.50 ಮಾತ್ರ. ದಾಸ್ತಾನಿನ ಮೌಲ್ಯಮಾಪನದಲ್ಲಿ ಅನುಸರಿಸುವ ನಿವ್ವಳ ವಸೂಲಿ ಮೌಲ್ಯದ ತತ್ತ್ವ ಇಲ್ಲಿಯೂ ಅನ್ವಯಿಸುತ್ತದೆ.

ಕಾನೂನು ಮತ್ತು ಲೆಕ್ಕಪತ್ರ

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರಲ್ಲಿ ಹಣ ಎಂಬುದರ ವ್ಯಾಖ್ಯೆಯಿಂದ ಸಂಗ್ರಹಮೌಲ್ಯಕ್ಕಾಗಿ ಇಟ್ಟುಕೊಂಡ ಕರೆನ್ಸಿಯನ್ನು ಹೊರಗಿಡಲಾಗಿದೆ. ಅಂದರೆ ಅಂಥ ನೋಟು ಹಣವಾಗಿ ಉಳಿಯದೆ ಸರಕಾಗುತ್ತದೆ. ಅಕಸ್ಮಾತ್ ಸಿಕ್ಕ ಒಂದು ನೋಟನ್ನು ಮಾರುವುದಕ್ಕೂ, ಕೊಂಡು ಮಾರುವ ವ್ಯವಹಾರವನ್ನೇ ನಡೆಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ವ್ಯಾಪಾರವಾಗಿದ್ದು, ಅದರ ವಹಿವಾಟು ಒಟ್ಟು ವಹಿವಾಟಿಗೆ ಸೇರುತ್ತದೆ; ಲಾಭವು ಆದಾಯ ತೆರಿಗೆಗೆ ಒಳಪಡುತ್ತದೆ. ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಹೆಚ್ಚು ಮೊತ್ತವನ್ನು ನಗದಾಗಿ ಪಡೆಯುವುದಕ್ಕಿರುವ ನಿಷೇಧ ಇಲ್ಲಿಗೂ ಅನ್ವಯಿಸುತ್ತದೆ.

ಗಲ್ಲಾದಲ್ಲಿ ಸಿಕ್ಕ ನೋಟು ಸಂಸ್ಥೆಯ ಆಸ್ತಿ. ಮೊದಲು ಕಂಡ ಮುನೀಮನದೂ ಅಲ್ಲ, ಒಬ್ಬ ಪಾಲುದಾರನದೂ ಅಲ್ಲ. ಅದನ್ನು ಪ್ರತ್ಯೇಕವಾಗಿ ಇಡುವುದಾದರೆ ಅಷ್ಟೇ ಮೊತ್ತವನ್ನು ಗಲ್ಲಾಕ್ಕೆ ತುಂಬಬೇಕು, ಅಥವಾ ಕಿರ್ದಿಯಲ್ಲಿ ನಮೂದಿಸಬೇಕು. ಯಾರ ಹೆಸರಿನಲ್ಲಿ ಇಡುವುದೆಂಬುದನ್ನು ಪಾಲುದಾರರು ಮೊದಲೇ ನಿಶ್ಚಯಿಸಿಕೊಂಡರೆ ಮುಂದಿನ ಮನಸ್ತಾಪ ತಪ್ಪುತ್ತದೆ.

2016ರ ನವೆಂಬರ್ 8ರಂದು ರದ್ದಾದ ಹಳೆಯ 500 ಮತ್ತು 1,000 ರೂಪಾಯಿ ನೋಟುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಆ ವರ್ಷದ ಆರಂಭದಲ್ಲಿ ಭದ್ರತಾ ಎಳೆಯೇ ಇಲ್ಲದ 1,000 ರೂಪಾಯಿ ನೋಟುಗಳು ಹೊರಬಂದ ಸುದ್ದಿ ಹರಡಿತ್ತು. ಅವುಗಳನ್ನು ಹುಡುಕುವ ಸಂಗ್ರಾಹಕರಿದ್ದಾರೆ. ಆದರೆ 2017ರ ಕಾಯ್ದೆಯಂತೆ ರದ್ದಾದ ನೋಟುಗಳನ್ನು ಒಟ್ಟು 10ಕ್ಕಿಂತ ಹೆಚ್ಚು, ಅಧ್ಯಯನ ಅಥವಾ ಸಂಗ್ರಹಕ್ಕಾಗಿಯಾದರೆ 25ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ತಪ್ಪಿದಲ್ಲಿ 10,000 ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಇವುಗಳಲ್ಲಿ ಹೆಚ್ಚಿನದು ದಂಡ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳ ರಫ್ತಿಗೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ನಿರ್ಬಂಧವಿರುವುದರಿಂದ, 1918ರ ಹಾಲಿ ನೋಟನ್ನು ವಿದೇಶಿ ಗಿರಾಕಿಗೆ ಕಳುಹಿಸುವ ಮುನ್ನ ಸಲಹೆ ಪಡೆಯಲೇಬೇಕು.

ನೋಟು ಅಸಲಿಯೇ ಎಂಬ ಸಂಶಯವಿದ್ದರೆ ಬ್ಯಾಂಕಿಗೆ ತೋರಿಸುವುದೇ ಸರಿಯಾದ ಮಾರ್ಗ. ಖೋಟಾ ಎಂದು ಕಂಡುಬಂದರೆ ಬ್ಯಾಂಕು ಅದನ್ನು ಮುಟ್ಟುಗೋಲು ಹಾಕಿಕೊಂಡು ರಸೀದಿ ಕೊಡುತ್ತದೆ, ಹಣ ಸಿಗುವುದಿಲ್ಲ. ಖೋಟಾ ಎಂದು ತಿಳಿದೂ ಮುದ್ರಣದೋಷವೆಂದು ಮಾರುವುದು ಗಂಭೀರ ಅಪರಾಧ.

ಮಾರುವವನೇ ಹಣ ಕಟ್ಟುವ ವ್ಯಾಪಾರ

ನಷ್ಟದ ದೊಡ್ಡ ದಾರಿ ಬೇರೆಯೇ ಇದೆ. ಜಾಹೀರಾತು ನೋಡಿ ಕರೆ ಮಾಡಿದವನ ನೋಟಿನ ಚಿತ್ರವನ್ನು ತರಿಸಿಕೊಂಡು, ಕೆಲವೇ ನಿಮಿಷಗಳಲ್ಲಿ ಲಕ್ಷಾಂತರ ಬೆಲೆ ಒಪ್ಪುತ್ತಾರೆ. ಬಳಿಕ ನೋಂದಣಿ ಶುಲ್ಕವೆಂದು ಕೆಲವು ನೂರು, ತೆರಿಗೆಯೆಂದು ಕೆಲವು ಸಾವಿರ, ರಿಸರ್ವ್ ಬ್ಯಾಂಕಿನ ಅನುಮತಿಯೆಂದು ಇನ್ನಷ್ಟು ಕೇಳುತ್ತಾರೆ. ಮೊದಲು ಕಟ್ಟಿದ ಹಣ ಉಳಿಸಿಕೊಳ್ಳುವ ಆಸೆಯಿಂದಲೇ ಮನುಷ್ಯ ಎರಡನೆಯ ಕಂತು ಕಟ್ಟುತ್ತಾನೆ. 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕು ಈ ಬಗ್ಗೆ ಎಚ್ಚರಿಕೆ ನೀಡಿ, ತಾನು ಹಳೆಯ ನೋಟು ನಾಣ್ಯಗಳ ಕ್ರಯವಿಕ್ರಯದಲ್ಲಿ ತೊಡಗುವುದಿಲ್ಲ, ಯಾವುದೇ ಶುಲ್ಕ ಅಥವಾ ಕಮಿಷನ್ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ತಿಳಿಸಿತು. ಗಂಜ್‌ನಲ್ಲಿ ತೊಗರಿ ಮಾರಲು ಬಂದ ರೈತನಿಂದ ಖರೀದಿದಾರ ಮೊದಲೇ ಮುಂಗಡ ಕೇಳಿದರೆ ಎಲ್ಲರೂ ನಗುತ್ತಾರೆ. ನೋಟಿನ ವ್ಯಾಪಾರದಲ್ಲಿಯೂ ಆ ನಗೆಯೇ ಸೂಕ್ತ ಉತ್ತರ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಮೊತ್ತವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಸದಸ್ಯರಿಗೆ ಸೂಚನೆಗಳು

1. ದೋಷದ ನೋಟನ್ನು ಮಡಚದೆ, ಪಿನ್ನು ಚುಚ್ಚದೆ, ಸ್ವಚ್ಛವಾದ ಪಾರದರ್ಶಕ ಹೊದಿಕೆಯಲ್ಲಿಡಿ. ಎಲ್ಲಿಂದ, ಯಾವ ದಿನ ಬಂತೆಂಬುದನ್ನು ಬರೆದಿಡಿ.

2. ಕೇಳುವ ಬೆಲೆಯನ್ನು ಬಿಟ್ಟು, ಅಂಥದೇ ನೋಟಿನ ಮುಗಿದ ಹರಾಜಿನ ಬೆಲೆಯನ್ನು ನೋಡಿ. ಖರ್ಚು ಕಳೆದು ಲೆಕ್ಕ ಹಾಕಿ.

3. ಅಲ್ಪ ದೋಷದ ನೋಟಿನ ಹಿಂದೆ ಸಮಯ ಕಳೆಯದೆ ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಿ.

4. ಮಾರುವುದಕ್ಕಾಗಿ ಯಾರಿಗೂ ಮುಂಗಡ ಹಣ, ಪಾಸ್‌ವರ್ಡ್, ಬ್ಯಾಂಕ್ ವಿವರ ಕೊಡಬೇಡಿ.

5. ಮಾರಾಟದ ಹಣವನ್ನು ಬ್ಯಾಂಕಿನ ಮೂಲಕವೇ ಪಡೆದು ಲೆಕ್ಕದಲ್ಲಿ ತೋರಿಸಿ.

ಮುದ್ರಣದೋಷದ ನೋಟು ಅದೃಷ್ಟದ ಚೀಟಿಯಲ್ಲ. ಅದೂ ಒಂದು ಸರಕು. ಮಾದರಿ ನೋಡಿ ದರ ಕಟ್ಟುವ, ತೂಕ ನೋಡಿ ಹಣ ಕೊಡುವ ವರ್ತಕರಿಗೆ ಈ ಸರಕನ್ನು ಅಳೆಯುವುದು ಕಷ್ಟವಲ್ಲ. ದಿನವೂ ಅಂಗಡಿಯಲ್ಲಿ ಬಳಸುವ ತಕ್ಕಡಿಯನ್ನೇ ಇಲ್ಲಿಯೂ ಬಳಸಿದರೆ ಸಾಕು.